ಫ್ರೆಶ್ಶಾ, ಫ್ರೋಜನ್ನಾ? ಒಂದಾ, ಎರಡಾ? ಭ್ರೂಣ ಟ್ರಾನ್ಸ್‌ಫರ್‌ಗೆ ಮುಂಚೆ ಡಾಕ್ಟರ ಜೊತೆ ಆಡಬೇಕಾದ ಮಾತು

ಐವಿಎಫ್‌ನಲ್ಲಿ ಅಂಡಾಣು ಹೊರತೆಗೆದು, ಲ್ಯಾಬಿನಲ್ಲಿ ಭ್ರೂಣ ಮಾಡಿ, ಅದನ್ನು ಗರ್ಭಕೋಶಕ್ಕೆ ಬಿಡುವುದೇ ಟ್ರಾನ್ಸ್‌ಫರ್. ನಮ್ಮ ಮೊದಲ ಟ್ರಾನ್ಸ್‌ಫರ್ ದಿನ ಬೆಳಿಗ್ಗೆ ನರ್ಸ್ ಬಂದು, "ಎರಡು ಹಾಕ್ತಾರಮ್ಮ, ಇಲ್ಲಿ ಸೈನ್ ಮಾಡಿ" ಅಂದರು. ಮಾಡಿದೆ. ಎರಡು ಯಾಕೆ, ಮೂರನೇ ದಿನವೇ ಯಾಕೆ, ಹೊಟ್ಟೆ ಇಷ್ಟು ಊದಿಕೊಂಡಿರುವಾಗ ಇವತ್ತೇ ಯಾಕೆ ಅಂತ ಒಂದನ್ನೂ ಕೇಳಲಿಲ್ಲ. ಕೇಳಬಹುದು ಅನ್ನೋದೇ ಗೊತ್ತಿರಲಿಲ್ಲ. ಆ ಸಲ ಗರ್ಭ ನಿಲ್ಲಲಿಲ್ಲ. ಎರಡನೇ ಸಲ ಬೇರೆ ಕಡೆ ಹೋದಾಗ ಅಲ್ಲಿನ ಡಾಕ್ಟರು ಒಂದು ಬಿಳಿ ಹಾಳೆ ತೆಗೆದು ಅರ್ಧ ಗಂಟೆ ಗೀಟು ಹಾಕಿ ಹಾಕಿ ವಿವರಿಸಿದರು. ಆಗಲೇ ಅರ್ಥವಾಗಿದ್ದು, ಇದು ಒಂದೇ ತೀರ್ಮಾನ ಅಲ್ಲ, ನಾಲ್ಕು ತೀರ್ಮಾನ ಅಂತ. ಭ್ರೂಣವನ್ನು ಈಗಲೇ ಹಾಕೋದಾ ಅಥವಾ ಫ್ರೀಜ್ ಮಾಡಿ ಆಮೇಲಾ? ಮೂರನೇ ದಿನವಾ, ಐದನೇ ದಿನವಾ? ಒಂದಾ, ಎರಡಾ? ಫ್ರೋಜನ್ ಆದರೆ ಸಹಜ ಮುಟ್ಟಿನ ಚಕ್ರದಲ್ಲಾ, ಮಾತ್ರೆ ಕೊಟ್ಟು ತಯಾರು ಮಾಡಿದ ಚಕ್ರದಲ್ಲಾ?

"ಯಾವ ಟೆಕ್ನಿಕ್ ಬೆಸ್ಟ್?" ಅಂತ ತುಂಬಾ ಜನ ಕೇಳುತ್ತಾರೆ. ಹಾಗೆ ಕೇಳಿದರೆ ಉತ್ತರ ಸಿಗುವುದಿಲ್ಲ. ನಿಮ್ಮ ವಯಸ್ಸು, ಎಷ್ಟು ಭ್ರೂಣ ಇವೆ, ಮುಟ್ಟು ಸರಿಯಾಗಿ ಬರುತ್ತಾ, ಎಗ್ ಪಿಕಪ್ (ಅಂಡಾಣು ಹೊರತೆಗೆಯುವುದು) ಆದಮೇಲೆ ದೇಹ ಹೇಗಿದೆ, ಇದರ ಮೇಲೆ ಉತ್ತರ ಬದಲಾಗುತ್ತದೆ. ಒಂದೊಂದಾಗಿ ನೋಡೋಣ.

ಫ್ರೆಶ್ ಮತ್ತು ಫ್ರೋಜನ್

ಫ್ರೆಶ್ ಅಂದರೆ ಅಂಡಾಣು ತೆಗೆದ ಅದೇ ತಿಂಗಳಲ್ಲಿ, ಮೂರು ಅಥವಾ ಐದು ದಿನಕ್ಕೆ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದು. ಫ್ರೋಜನ್ ಅಂದರೆ ಭ್ರೂಣವನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇಟ್ಟು, ಮುಂದಿನ ತಿಂಗಳೋ ಅದರಾಚೆಗೋ ಕರಗಿಸಿ ಹಾಕುವುದು.

"ಫ್ರಿಜ್ಜಲ್ಲಿಟ್ಟದ್ದು ಹಳಸಿದ ಹಾಗೆ ಅಲ್ವಾ?" ಅಂತ ನಮ್ಮತ್ತೆ ಕೇಳಿದ್ದರು. ಆ ಭಯ ಎಷ್ಟೋ ಮನೆಗಳಲ್ಲಿದೆ. ಹಿಂದೆ ನಿಧಾನವಾಗಿ ತಣಿಸುತ್ತಿದ್ದ ಕಾಲದಲ್ಲಿ ಕೋಶದೊಳಗಿನ ನೀರು ಮಂಜಿನ ಹರಳಾಗಿ ಕೆಲವು ಭ್ರೂಣ ಒಡೆದುಹೋಗುತ್ತಿದ್ದವು, ನಿಜ. ಈಗ ಮಾಡುವುದು ವಿಟ್ರಿಫಿಕೇಶನ್. ಭ್ರೂಣದೊಳಗಿನ ನೀರನ್ನು ಬಹುಪಾಲು ಹೊರಗೆಳೆದು, ಕ್ಷಣದಲ್ಲಿ ತಣಿಸಿ, ಹರಳು ಕಟ್ಟಲು ಸಮಯವೇ ಸಿಗದ ಹಾಗೆ ಗಾಜಿನಂತೆ ಗಟ್ಟಿ ಮಾಡುತ್ತಾರೆ. ಒಳ್ಳೆಯ ಲ್ಯಾಬಿನಲ್ಲಿ ಐದನೇ ದಿನದ ಭ್ರೂಣಗಳು ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಚೆನ್ನಾಗಿಯೇ ಕರಗಿ ಎದ್ದೇಳುತ್ತವೆ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಜಗತ್ತಿನ ಮೊದಲ ಪ್ರನಾಳ ಶಿಶು ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ದುರ್ಗಾ ಎಂಬ ಹೆಸರಿನಿಂದ ಲೋಕಕ್ಕೆ ಗೊತ್ತಾದ ಮಗು ಹುಟ್ಟಿತು. ಅದರ ಹಿಂದಿದ್ದವರು ಡಾ. ಸುಭಾಷ್ ಮುಖರ್ಜಿ. ಅವರು ಭ್ರೂಣವನ್ನು ಫ್ರೀಜ್ ಮಾಡಿ, ಔಷಧಿಯ ಪ್ರಭಾವ ಇಳಿದ ಮೇಲೆ ಬೇರೆ ಚಕ್ರದಲ್ಲಿ ಹಾಕಿದ್ದರು. ಯಾರೂ ನಂಬಲಿಲ್ಲ. ಸರ್ಕಾರ ನೇಮಿಸಿದ ಸಮಿತಿಯೂ ತಳ್ಳಿಹಾಕಿತು. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. 1986ರಲ್ಲಿ ಮುಂಬೈಯಲ್ಲಿ ಹುಟ್ಟಿದ, ಅಲ್ಲಿಯವರೆಗೆ ಭಾರತದ ಮೊದಲನೆಯದೆಂದು ಕರೆಸಿಕೊಂಡಿದ್ದ ಮಗುವಿನ ಹಿಂದಿದ್ದ ವಿಜ್ಞಾನಿ ಟಿ.ಸಿ. ಆನಂದ ಕುಮಾರ್ ಅವರೇ ಮುಖರ್ಜಿಯವರ ಟಿಪ್ಪಣಿಗಳನ್ನು ಓದಿ, "ಮೊದಲಿಗರು ನಾವಲ್ಲ, ಅವರು" ಎನ್ನುವುದನ್ನು ಜಗತ್ತಿನ ಮುಂದಿಟ್ಟರು. ಅದನ್ನು ಅವರು ಬರೆದದ್ದು 1997ರಲ್ಲಿ, ನಮ್ಮ ಬೆಂಗಳೂರಿನಿಂದ ಬರುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಇವತ್ತು ಆಸ್ಪತ್ರೆಗಳಲ್ಲಿ "ಎಲ್ಲಾ ಫ್ರೀಜ್ ಮಾಡಿ ಆಮೇಲೆ ಹಾಕೋಣ" ಅನ್ನುತ್ತಾರಲ್ಲ, ಅದೇ ದಾರಿಯನ್ನು ಆ ಮನುಷ್ಯ ಆಗಲೇ ಹಿಡಿದಿದ್ದರು.

ಹಾಗಾದರೆ ಯಾರಿಗೆ ಯಾವುದು? ಅಂಡಾಣು ಜಾಸ್ತಿ ಬೆಳೆಯಲಿ ಅಂತ ಕೊಡುವ ಇಂಜೆಕ್ಷನ್‌ನಿಂದ ಹಾರ್ಮೋನ್ ಮಟ್ಟ ತುಂಬಾ ಏರುತ್ತದೆ. ಕೆಲವರಿಗೆ ಅಂಡಾಶಯ ಊದಿಕೊಂಡು, ಹೊಟ್ಟೆಯಲ್ಲಿ ನೀರು ತುಂಬಿ, ಉಸಿರಾಡಲೂ ಕಷ್ಟವಾಗಬಹುದು. ಪಿಸಿಒಡಿ (ಹಾರ್ಮೋನ್ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ, ಪಿಸಿಒಎಸ್ ಅಂತಲೂ ಅನ್ನುತ್ತಾರೆ) ಇರುವವರಿಗೆ ಈ ಅಪಾಯ ಹೆಚ್ಚು. ಆಗಲೇ ಭ್ರೂಣ ಹಾಕಿ ಗರ್ಭ ನಿಂತರೆ, ಗರ್ಭದ ಹಾರ್ಮೋನೇ ಆ ಊತವನ್ನು ಇನ್ನಷ್ಟು ಕೆರಳಿಸುತ್ತದೆ. ಅದಕ್ಕೇ ಅಂಥವರಿಗೆ ಫ್ರೀಜ್ ಮಾಡುವುದೇ ಕ್ಷೇಮ. 2016ರಲ್ಲಿ ಚೀನಾದಲ್ಲಿ ಪಿಸಿಒಎಸ್ ಇರುವ 1508 ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ಮಗು ಹುಟ್ಟಿದ ಪ್ರಮಾಣ ಫ್ರೋಜನ್‌ನಲ್ಲಿ ಶೇ. 49.3, ಫ್ರೆಶ್‌ನಲ್ಲಿ ಶೇ. 42. ಅಂಡಾಶಯ ಊದಿಕೊಳ್ಳುವ ತೊಂದರೆ ಫ್ರೆಶ್‌ನಲ್ಲಿ ಶೇ. 7.1 ಇದ್ದದ್ದು ಫ್ರೋಜನ್‌ನಲ್ಲಿ ಶೇ. 1.3ಕ್ಕೆ ಇಳಿಯಿತು.

ಇದನ್ನು ಹಿಡಿದುಕೊಂಡು "ಎಲ್ಲರಿಗೂ ಫ್ರೋಜನ್ನೇ ಒಳ್ಳೆಯದು" ಅನ್ನುವ ಹಾಗಿಲ್ಲ. ಮುಟ್ಟು ಸರಿಯಾಗಿ ಬರುವ, ಪಿಸಿಒಡಿ ಇಲ್ಲದ ಮಹಿಳೆಯರ ಮೇಲೆ ಚೀನಾ ಮತ್ತು ವಿಯೆಟ್ನಾಂನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಲ್ಲಿ ಮಗು ಹುಟ್ಟುವ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಫ್ರೋಜನ್‌ಗೆ ಅದರದ್ದೇ ತೊಂದರೆಯೂ ಇದೆ. ಗರ್ಭಿಣಿಯ ಬೀಪಿ ಏರುವುದು ಸ್ವಲ್ಪ ಜಾಸ್ತಿ. ಮೇಲೆ ಹೇಳಿದ ಪಿಸಿಒಎಸ್ ಅಧ್ಯಯನದಲ್ಲೇ ಪ್ರಿಎಕ್ಲಾಂಪ್ಸಿಯಾ (ಗರ್ಭಿಣಿಯರಲ್ಲಿ ಬೀಪಿ ಏರಿ ಅಪಾಯ ತರುವ ಕಾಯಿಲೆ) ಫ್ರೋಜನ್‌ನಲ್ಲಿ ಶೇ. 4.4, ಫ್ರೆಶ್‌ನಲ್ಲಿ ಶೇ. 1.4 ಇತ್ತು. ಫ್ರೋಜನ್ ಮಕ್ಕಳು ತುಸು ದಪ್ಪಗೆ ಹುಟ್ಟುತ್ತಾರೆ, ಫ್ರೆಶ್ ಮಕ್ಕಳಲ್ಲಿ ಕಡಿಮೆ ತೂಕ ಸ್ವಲ್ಪ ಹೆಚ್ಚು.

ನನ್ನ ಅಭಿಪ್ರಾಯ ಕೇಳಿದರೆ, ಪಿಕಪ್ ಆದಮೇಲೆ ಹೊಟ್ಟೆ ಬಿಗಿದುಕೊಂಡಿದ್ದರೆ, ಗರ್ಭಕೋಶವನ್ನು ಗರ್ಭಕ್ಕೆ ಸಜ್ಜು ಮಾಡುವ ಪ್ರೊಜೆಸ್ಟರಾನ್ ಹಾರ್ಮೋನ್ ಬೇಗ ಏರಿದ್ದರೆ, ಅಥವಾ ಗರ್ಭಕೋಶದ ಒಳಪದರ ಸರಿಯಿಲ್ಲದಿದ್ದರೆ, ಫ್ರೆಶ್‌ಗೆ ಅವಸರ ಮಾಡಬೇಡಿ. ಒಂದೆರಡು ತಿಂಗಳು ಕಾದರೆ ಕಳೆದುಕೊಳ್ಳುವುದು ಏನೂ ಇಲ್ಲ. ಇದ್ಯಾವುದೂ ಇಲ್ಲ, ಮೈ ಹಗುರವಾಗಿದೆ, ಎಗ್ ಬಂದದ್ದೂ ಕಡಿಮೆ ಅಂದರೆ ಫ್ರೆಶ್ ಹಾಕಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಫ್ರೀಜ್ ಮಾಡುವ ಖರ್ಚು, ಮತ್ತೆ ಓಡಾಟ ಎರಡೂ ಉಳಿಯುತ್ತವೆ.

ಮೂರನೇ ದಿನ ಅಥವಾ ಐದನೇ ದಿನ

ನನ್ನ ಎರಡನೇ ಸಲದ ಲ್ಯಾಬ್ ಹಾಳೆ ಇನ್ನೂ ಫೈಲಿನಲ್ಲಿದೆ. 12 ಅಂಡಾಣು ಸಿಕ್ಕವು. ಅದರಲ್ಲಿ ಬಲಿತದ್ದು 9. ಫಲಿತವಾದದ್ದು 7. ಮೂರನೇ ದಿನ 7ರಲ್ಲಿ 6 ಚೆನ್ನಾಗಿದ್ದವು. ಐದನೇ ದಿನಕ್ಕೆ ಉಳಿದದ್ದು 3. ಆ ಫೋನ್ ಬಂದಾಗ ನಾನು ಅಡುಗೆಮನೆಯಲ್ಲಿದ್ದೆ. "ಮೂರೇನಾ?" ಅಂತ ಅಳು ಬಂತು. ಆದರೆ ಅದು ಮಾಮೂಲಿ ಲೆಕ್ಕ. ಫಲಿತವಾದದ್ದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟೇ ಐದನೇ ದಿನ ಮುಟ್ಟುತ್ತವೆ. ಇದು ಮೊದಲೇ ಗೊತ್ತಿದ್ದರೆ ಅಷ್ಟು ಅಳುತ್ತಿರಲಿಲ್ಲ.

ಮೂರನೇ ದಿನ ಭ್ರೂಣದಲ್ಲಿ ಆರರಿಂದ ಎಂಟು ಕೋಶ ಇರುತ್ತವೆ. ಅಲ್ಲಿಯವರೆಗೆ ಅದು ಬಹುಪಾಲು ತಾಯಿಯ ಅಂಡಾಣು ಕೂಡಿಟ್ಟ ಸರಕಿನಲ್ಲೇ ಬದುಕಿರುತ್ತದೆ. ಆಮೇಲೆ ಅದರದ್ದೇ ಜೀನುಗಳು ಕೆಲಸ ಶುರು ಮಾಡಬೇಕು. ಅಲ್ಲಿ ಬಹಳಷ್ಟು ನಿಂತುಬಿಡುತ್ತವೆ. ಐದನೇ ದಿನಕ್ಕೆ ನೂರರ ಆಸುಪಾಸು ಕೋಶ ಇರುವ ಬ್ಲಾಸ್ಟೊಸಿಸ್ಟ್ ಆದದ್ದು ಆ ಹೊಳೆ ದಾಟಿದ್ದು ಅಂತ ಅರ್ಥ. ಸಹಜ ಗರ್ಭದಲ್ಲೂ ಭ್ರೂಣ ಗರ್ಭಕೋಶ ಸೇರುವ ಹೊತ್ತು ಸುಮಾರು ಅದೇ. ಆದ್ದರಿಂದ ಫ್ರೆಶ್ ಆಗಿ ಹಾಕುವಾಗ, ಒಂದು ಟ್ರಾನ್ಸ್‌ಫರ್‌ಗೆ ಗರ್ಭ ನಿಲ್ಲುವ ಸಂಭವ ಐದನೇ ದಿನದ್ದರಲ್ಲಿ ಹೆಚ್ಚು.

ಹಾಗಂತ ಐದನೇ ದಿನದವರೆಗೆ ಬೆಳೆಸಿದ್ದರಿಂದ ಭ್ರೂಣ ಒಳ್ಳೆಯದಾಗುವುದಿಲ್ಲ. ಒಳ್ಳೆಯದು ಯಾವುದು ಅಂತ ಗೊತ್ತಾಗುತ್ತದೆ, ಅಷ್ಟೆ. ನಿಮ್ಮ ಹತ್ತಿರ ಒಂದೋ ಎರಡೋ ಭ್ರೂಣ ಮಾತ್ರ ಇದ್ದರೆ ಆರಿಸುವ ಪ್ರಶ್ನೆಯೇ ಇಲ್ಲವಲ್ಲ. ಲ್ಯಾಬಿನಲ್ಲಿ ನಿಂತುಹೋಗಿ ಹಾಕಲು ಏನೂ ಇಲ್ಲದ ಹಾಗಾಗುವ ಬದಲು ಮೂರನೇ ದಿನವೇ ಹಾಕುವ ಡಾಕ್ಟರರು ಇದ್ದಾರೆ. ಅದು ಹಳೆಯ ಪದ್ಧತಿ ಅಂತ ಬೇಜಾರು ಮಾಡಿಕೊಳ್ಳಬೇಡಿ. ನಾಲ್ಕೈದಕ್ಕಿಂತ ಜಾಸ್ತಿ ಚೆನ್ನಾಗಿರುವ ಭ್ರೂಣ ಇದ್ದರೆ ಮಾತ್ರ ಐದನೇ ದಿನಕ್ಕೆ ಕಾಯಿರಿ ಅಂತ ಧೈರ್ಯವಾಗಿ ಹೇಳುತ್ತೇನೆ.

ಹಾಳೆಯಲ್ಲಿ 4ಎಎ, 3ಬಿಬಿ ಅಂತ ಬರೆದಿರುತ್ತಾರೆ. ಅಂಕಿ ಭ್ರೂಣ ಎಷ್ಟು ಹಿಗ್ಗಿದೆ ಅನ್ನುವುದು. ಮೊದಲ ಅಕ್ಷರ ಮಗುವಾಗುವ ಕೋಶಗಳದ್ದು, ಎರಡನೆಯದು ಮಾಸು ಆಗುವ ಹೊರಕೋಶಗಳದ್ದು. ಬಿಬಿ ಬಂತು ಅಂತ ಕುಗ್ಗಬೇಡಿ. ಬಿಬಿಯಿಂದ ಆರೋಗ್ಯವಂತ ಮಕ್ಕಳು ಎಷ್ಟೋ ಜನ ಹುಟ್ಟಿದ್ದಾರೆ.

ಒಂದು ಅಥವಾ ಎರಡು

ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ತೀರ್ಮಾನ. ಯಾಕೆಂದರೆ ತಪ್ಪಾದರೆ ಪೆಟ್ಟು ಬೀಳುವುದು ಮಕ್ಕಳಿಗೆ.

ಎರಡು ಹಾಕಿಸಿಕೊಳ್ಳುವ ಆಸೆ ನನಗೆ ಅರ್ಥವಾಗುತ್ತದೆ. ಇಷ್ಟು ದುಡ್ಡು, ಇಷ್ಟು ಇಂಜೆಕ್ಷನ್. ಒಂದೇ ಸಲಕ್ಕೆ ಎರಡು ಮಕ್ಕಳಾದರೆ ಮುಗೀತು. ನೆಂಟರು ಬೇರೆ "ಲವ-ಕುಶ ಬರಲಿ" ಅಂತ ಹರಸುತ್ತಾರೆ. ಆದರೆ ಅವಳಿ ಗರ್ಭಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮುಂಚೆಯೇ ಹೆರಿಗೆಯಾಗುತ್ತವೆ. ಕಡಿಮೆ ತೂಕ, ಉಸಿರಾಟದ ತೊಂದರೆ, ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ವಾರಗಟ್ಟಲೆ. ತಾಯಿಗೆ ಬೀಪಿ, ಶುಗರ್, ಹೆರಿಗೆಯಲ್ಲಿ ರಕ್ತಸ್ರಾವ. ನನ್ನ ಜೊತೆ ಅದೇ ತಿಂಗಳು ಚಿಕಿತ್ಸೆ ಪಡೆದ ಒಬ್ಬಾಕೆಗೆ ಎರಡು ನಿಂತವು. ಏಳೂವರೆ ತಿಂಗಳಿಗೆ ಹೆರಿಗೆ. ಎನ್‌ಐಸಿಯು ಗಾಜಿನ ಆಚೆ ನಿಂತು ಇಪ್ಪತ್ತಾರು ದಿನ ಹಾಲು ಹಿಂಡಿ ಹಿಂಡಿ ಕಳಿಸಿದಳು. ಈಗ ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಆ ದಿನಗಳ ಮಾತು ಬಂದರೆ ಅವಳ ದನಿ ಇವತ್ತಿಗೂ ನಡುಗುತ್ತದೆ.

ಒಂದು ಹಾಕಿದರೆ ಸೋಲುವ ಸಂಭವ ಜಾಸ್ತಿ ಅಲ್ವಾ ಅಂತ ಕೇಳಬಹುದು. ಆ ಒಂದೇ ಸಲದ ಲೆಕ್ಕ ನೋಡಿದರೆ ಹೌದು, ಸ್ವಲ್ಪ. ಆದರೆ ಉಳಿದದ್ದು ಫ್ರೀಜರಿನಲ್ಲಿ ಇರುತ್ತದೆ. 36 ವರ್ಷದೊಳಗಿನ 661 ಮಹಿಳೆಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಒಂದು ಅಧ್ಯಯನ ನನಗೆ ಕಣ್ಣು ತೆರೆಸಿತು. ಒಂದು ಗುಂಪಿಗೆ ಒಂದು ಭ್ರೂಣ, ನಿಲ್ಲದಿದ್ದರೆ ಆಮೇಲೆ ಫ್ರೋಜನ್ ಇನ್ನೊಂದು. ಇನ್ನೊಂದು ಗುಂಪಿಗೆ ಒಟ್ಟಿಗೆ ಎರಡು. ಮಗು ಪಡೆದವರು ಮೊದಲ ಗುಂಪಿನಲ್ಲಿ ಶೇ. 38.8, ಎರಡನೇ ಗುಂಪಿನಲ್ಲಿ ಶೇ. 42.9. ಹೆಚ್ಚು ಅಂತರವಿಲ್ಲ. ಹೆರಿಗೆಗಳಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳು? ಮೊದಲ ಗುಂಪಿನಲ್ಲಿ ಶೇ. 0.8, ಎರಡನೆಯದರಲ್ಲಿ ಶೇ. 33.1. ವಿಟ್ರಿಫಿಕೇಶನ್ ಇಷ್ಟು ಬಳಕೆಗೆ ಬರುವ ಮುಂಚಿನ ಮಾತು ಇದು.

ಹೀಗಾಗಿ 35ರೊಳಗಿನವರಿಗೆ, ಒಳ್ಳೆಯ ಬ್ಲಾಸ್ಟೊಸಿಸ್ಟ್ ಇದ್ದರೆ, ಒಂದೇ. ಕ್ರೋಮೋಸೋಮ್ ಪರೀಕ್ಷೆ ಮಾಡಿ ಸರಿಯಿದೆ ಅಂತ ಗೊತ್ತಾದ ಭ್ರೂಣ ಆದರೆ ಯಾವ ವಯಸ್ಸಿಗೂ ಒಂದೇ. ಗರ್ಭಕೋಶಕ್ಕೆ ಹಿಂದೆ ಆಪರೇಷನ್ ಆಗಿದ್ದರೆ, ಸಿಸೇರಿಯನ್ ಆಗಿದ್ದರೆ, ಮೈಕಟ್ಟು ತುಂಬಾ ಸಣ್ಣದಿದ್ದರೆ, ಬೀಪಿ ಶುಗರ್ ಇದ್ದರೆ ಇನ್ನೂ ಗಟ್ಟಿಯಾಗಿ ಒಂದೇ ಅನ್ನಿ. 38 ದಾಟಿದವರಿಗೆ, ಎರಡು ಮೂರು ಸಲ ನಿಲ್ಲದವರಿಗೆ, ಮೂರನೇ ದಿನದ ಭ್ರೂಣವಾದರೆ ಎರಡು ಹಾಕುವುದಕ್ಕೆ ಕಾರಣ ಇರಬಹುದು. ಆ ಕಾರಣವನ್ನು ಡಾಕ್ಟರು ಬಾಯಿಬಿಟ್ಟು ಹೇಳಲಿ. ಒಂದು ಹಾಕಿದರೂ ಅದೇ ಒಡೆದು ಅವಳಿ ಆಗುವುದುಂಟು, ನೂರಕ್ಕೆ ಒಂದೆರಡು. ಅದು ಯಾರ ಕೈಯಲ್ಲೂ ಇಲ್ಲ.

ಸಹಜ ಚಕ್ರ ಅಥವಾ ಮಾತ್ರೆಯ ಚಕ್ರ

ಫ್ರೋಜನ್ ಹಾಕುವಾಗ ಗರ್ಭಕೋಶದ ಒಳಪದರವನ್ನು ತಯಾರು ಮಾಡಬೇಕು. ಇದರ ಬಗ್ಗೆ ರೋಗಿಗಳ ಹತ್ತಿರ ಮಾತಾಡುವುದೇ ಕಡಿಮೆ. ನೇರವಾಗಿ ಚೀಟಿ ಬರೆದುಕೊಡುತ್ತಾರೆ.

ಮಾತ್ರೆಯ ಚಕ್ರದಲ್ಲಿ ಮುಟ್ಟಾದ ಎರಡು ಮೂರನೇ ದಿನದಿಂದ ಈಸ್ಟ್ರೋಜನ್ ಮಾತ್ರೆ. ಪದರ ಏಳು ಎಂಟು ಮಿಲಿಮೀಟರ್ ಆದಮೇಲೆ ಪ್ರೊಜೆಸ್ಟರಾನ್ ಇಂಜೆಕ್ಷನ್ ಅಥವಾ ಒಳಗಿಡುವ ಮಾತ್ರೆ. ಐದು ದಿನ ಪ್ರೊಜೆಸ್ಟರಾನ್ ತಗೊಂಡು ಆರನೇ ದಿನ ಐದನೇ ದಿನದ ಭ್ರೂಣ ಹಾಕುತ್ತಾರೆ. ದಿನಾಂಕ ನಮ್ಮ ಕೈಯಲ್ಲಿರುತ್ತದೆ. ರಜೆ ಹಾಕಲು, ಊರಿಂದ ಬರಲು ಅನುಕೂಲ. ಸಹಜ ಚಕ್ರದಲ್ಲಿ ಸ್ಕ್ಯಾನ್, ರಕ್ತ ಪರೀಕ್ಷೆ ಮಾಡುತ್ತಾ ನಮ್ಮದೇ ಅಂಡಾಣು ಬಿಡುಗಡೆಯಾಗುವುದನ್ನು ಕಾಯುತ್ತಾರೆ. ಅದನ್ನು ಹಿಡಿದು ಲೆಕ್ಕ ಹಾಕಿ ದಿನ ಗೊತ್ತು ಮಾಡುತ್ತಾರೆ. ಅದು ಭಾನುವಾರ ಬಂದರೂ ಬಂತು. ಆಸ್ಪತ್ರೆಗೆ ಇದು ಕಷ್ಟ.

ಗರ್ಭ ನಿಲ್ಲುವ ಪ್ರಮಾಣದಲ್ಲಿ ಎರಡೂ ಹತ್ತಿರ ಹತ್ತಿರ. ಆದರೆ ಒಂದು ವ್ಯತ್ಯಾಸ ಇದೆ. ಅಂಡಾಣು ಬಿಡುಗಡೆಯಾದ ಜಾಗದಲ್ಲಿ ಕಾರ್ಪಸ್ ಲೂಟಿಯಂ ಎಂಬ ಸಣ್ಣ ಗಂಟು ಉಳಿಯುತ್ತದೆ. ಗರ್ಭದ ಮೊದಲ ವಾರಗಳಲ್ಲಿ ರಕ್ತನಾಳಗಳನ್ನು ಹದಗೊಳಿಸುವ ಹಾರ್ಮೋನುಗಳು ಅಲ್ಲಿಂದ ಬರುತ್ತವೆ. ಮಾತ್ರೆಯ ಚಕ್ರದಲ್ಲಿ ಆ ಗಂಟೇ ಇರುವುದಿಲ್ಲ. ಫ್ರೋಜನ್‌ನಲ್ಲಿ ಬೀಪಿ ಏರುವ ತೊಂದರೆ ಅಂದೆನಲ್ಲ, ಅದು ಮಾತ್ರೆಯ ಚಕ್ರದವರಲ್ಲೇ ಹೆಚ್ಚು ಕಂಡುಬಂದಿದೆ. ಅದಕ್ಕೇ ಮುಟ್ಟು 28-30 ದಿನಕ್ಕೆ ಸರಿಯಾಗಿ ಬರುವವರು, ಹಿಂದೆ ಬೀಪಿ ಇದ್ದವರು, "ನನಗೆ ಸಹಜ ಚಕ್ರದಲ್ಲಿ ಮಾಡಬಹುದಾ?" ಅಂತ ತಪ್ಪದೆ ಕೇಳಿ. ಮುಟ್ಟು ಏರುಪೇರಾದವರಿಗೆ, ಮುಟ್ಟು ನಿಂತವರಿಗೆ ಸಾಮಾನ್ಯವಾಗಿ ಮಾತ್ರೆಯೇ ದಾರಿ. ಪಿಸಿಒಡಿಯವರಿಗೆ ಲೆಟ್ರೊಜೋಲ್ ಕೊಟ್ಟು ಅಂಡಾಣು ಬಿಡಿಸುವ ನಡುವಿನ ದಾರಿಯೂ ಇದೆ.

ಮಾತ್ರೆಯ ಚಕ್ರದಲ್ಲಿ ಇರುವವರಿಗೆ ಒಂದು ಎಚ್ಚರಿಕೆ. ಟೆಸ್ಟ್ ಪಾಸಿಟಿವ್ ಬಂತು ಅಂತಲೋ, ಸ್ವಲ್ಪ ರಕ್ತ ಕಂಡಿತು ಅಂತಲೋ ನೀವಾಗಿ ಪ್ರೊಜೆಸ್ಟರಾನ್ ನಿಲ್ಲಿಸಬೇಡಿ. ನಿಮ್ಮ ಅಂಡಾಶಯ ಅದನ್ನು ಕೊಡುತ್ತಿಲ್ಲ. ಮಾಸು ಆ ಕೆಲಸ ಹೊತ್ತುಕೊಳ್ಳುವವರೆಗೆ, ಸುಮಾರು ಹತ್ತು ಹನ್ನೆರಡು ವಾರ, ಹೊರಗಿನದೇ ಆಧಾರ.

ಆ ಹತ್ತು ನಿಮಿಷ

ಟ್ರಾನ್ಸ್‌ಫರ್ ಅನ್ನುವುದು ಆಪರೇಷನ್ ಅಲ್ಲ. ಬಹುತೇಕರಿಗೆ ಅರಿವಳಿಕೆಯೂ ಬೇಡ. ಒಂದು ಲೀಟರ್ ನೀರು ಕುಡಿಸಿ ಮೂತ್ರಕೋಶ ತುಂಬಿಸಿರುತ್ತಾರೆ. ಅದು ತುಂಬಿದರೆ ಗರ್ಭಕೋಶ ಸ್ವಲ್ಪ ನೇರವಾಗುತ್ತದೆ, ಸ್ಕ್ಯಾನಿನಲ್ಲಿಯೂ ಚೆನ್ನಾಗಿ ಕಾಣುತ್ತದೆ. ಗೋಡೆಯ ಕಿಟಕಿಯಾಚೆ ಎಂಬ್ರಿಯಾಲಜಿಸ್ಟ್ (ಲ್ಯಾಬಿನಲ್ಲಿ ಭ್ರೂಣ ನೋಡಿಕೊಳ್ಳುವವರು) ನನ್ನ ಹೆಸರು, ಗಂಡನ ಹೆಸರು ಜೋರಾಗಿ ಕೇಳಿದರು, ನಾನು ಹೇಳಿದೆ. ತೆಳ್ಳಗಿನ ನಳಿಕೆ ಒಳಗೆ ಹೋಯಿತು. ಪರದೆಯ ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕೆ ಮಿನುಗಿತು. ಅದು ಭ್ರೂಣ ಅಲ್ಲ, ಅದರ ಜೊತೆಗಿನ ಗಾಳಿಗುಳ್ಳೆ. ಆಮೇಲೆ ನಳಿಕೆಯನ್ನು ಲ್ಯಾಬಿಗೆ ಒಯ್ದು, ಭ್ರೂಣ ಅಂಟಿಕೊಂಡು ಉಳಿದಿಲ್ಲ ಅಂತ ಮೈಕ್ರೋಸ್ಕೋಪಿನಲ್ಲಿ ನೋಡಿ, "ಕ್ಲಿಯರ್" ಅಂದರು.

ಇಲ್ಲಿ ಹೋಲಿಸಿ ನೋಡಬೇಕಾದ್ದು ಇಷ್ಟು. ಹೊಟ್ಟೆಯ ಮೇಲೆ ಸ್ಕ್ಯಾನ್ ಇಟ್ಟು ನೋಡುತ್ತಾ ಹಾಕುವುದು ಸುಮ್ನೆ ಕೈ ಅಂದಾಜಿನಲ್ಲಿ ಹಾಕುವುದಕ್ಕಿಂತ ಒಳ್ಳೆಯದು. ಮೆತ್ತನೆಯ ಕ್ಯಾಥೆಟರ್ ಗಟ್ಟಿಯದಕ್ಕಿಂತ ಒಳ್ಳೆಯದು. ಗರ್ಭಕೋಶದ ಮೇಲ್ಗೋಡೆಗೆ ತಾಗಿಸದೆ, ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಕೆಳಗೆ ಬಿಡಬೇಕು. ಮೊದಲೇ ಒಂದು ಸಲ ಖಾಲಿ ನಳಿಕೆಯಲ್ಲಿ ದಾರಿ ನೋಡಿಕೊಂಡರೆ, ಗರ್ಭಕೊರಳು ಬಾಗಿರುವವರಿಗೆ ಆ ದಿನ ಪರದಾಟ ತಪ್ಪುತ್ತದೆ. ಹಿಂದೆ ಲ್ಯಾಪರೊಸ್ಕೋಪಿ ಮಾಡಿ ಗರ್ಭನಾಳಕ್ಕೆ ಬಿಡುವ ಗಿಫ್ಟ್, ಜಿಫ್ಟ್ ಅಂತ ಪದ್ಧತಿಗಳಿದ್ದವು. ಈಗ ಅವು ಹೆಚ್ಚುಕಡಿಮೆ ಮರೆಯಾಗಿವೆ.

ಆಮೇಲೆ ಮಲಗೇ ಇರಬೇಕಾ? ಬೇಡ. ಮೊದಲ ಸಲ ನಾನು ಹದಿನಾಲ್ಕು ದಿನ ಹಾಸಿಗೆ ಬಿಟ್ಟಿರಲಿಲ್ಲ. ಕೆಮ್ಮಲೂ ಹೆದರಿಕೆ. ಭ್ರೂಣ ಜಾರಿ ಬೀಳುವುದಿಲ್ಲ. ಎದ್ದು ಬಾತ್‌ರೂಮಿಗೆ ಹೋದರೂ ಬೀಳುವುದಿಲ್ಲ. ಮಲಗಿದ್ದರಿಂದ ಲಾಭವಿಲ್ಲ ಅಂತ ಅಧ್ಯಯನಗಳೇ ಹೇಳಿವೆ. ನಿಲ್ಲದೇ ಹೋದರೆ "ನೀನು ಮೆಟ್ಟಿಲು ಹತ್ತಿದ್ದಕ್ಕೇ" ಅಂತ ಯಾರೂ ಯಾವ ಹೆಣ್ಣಿಗೂ ಹೇಳಬಾರದು. ಅದು ಸುಳ್ಳು.

ಬಿಲ್ಲಿಗೆ ಸೇರುವ ಬಾಬ್ತುಗಳು

ಒಂದು ಸಲ ಸೋತವರ ಮುಂದೆ ಪಟ್ಟಿ ಬರುತ್ತದೆ. ಇಆರ್‌ಎ, ಸ್ಕ್ರ್ಯಾಚಿಂಗ್ (ಗರ್ಭಕೋಶದ ಒಳಪದರವನ್ನು ಮೊದಲೇ ಸ್ವಲ್ಪ ಗೀರುವುದು), ಲೇಸರ್ ಹ್ಯಾಚಿಂಗ್ (ಭ್ರೂಣದ ಹೊರಕವಚದಲ್ಲಿ ಸಣ್ಣ ತೂತು ಮಾಡುವುದು), ಗ್ಲೂ (ಟ್ರಾನ್ಸ್‌ಫರ್ ಹೊತ್ತಿಗೆ ಭ್ರೂಣ ಇಡುವ ದ್ರವ), ಜೆನೆಟಿಕ್ ಟೆಸ್ಟ್. ನೊಂದವರು ಎಲ್ಲದಕ್ಕೂ ಹೂಂ ಅನ್ನುತ್ತೇವೆ. ಸ್ಕ್ರ್ಯಾಚಿಂಗ್‌ನಿಂದ ಪ್ರಯೋಜನವಿಲ್ಲ ಅಂತ 1364 ಮಹಿಳೆಯರ ಮೇಲಿನ 2019ರ ಅಧ್ಯಯನ ತೋರಿಸಿತು. ಟ್ರಾನ್ಸ್‌ಫರ್ ಹೊತ್ತು ಹುಡುಕುವ ಇಆರ್‌ಎ ಪರೀಕ್ಷೆಯಿಂದ ಮಗು ಹುಟ್ಟುವ ಪ್ರಮಾಣ ಹೆಚ್ಚಲಿಲ್ಲ ಅಂತ ಅಮೆರಿಕದ 2022ರ ಅಧ್ಯಯನ. ಕ್ರೋಮೋಸೋಮ್ ಎಣಿಸುವ ಪಿಜಿಟಿ-ಎ ವಯಸ್ಸಾದವರಿಗೆ, ಪದೇ ಪದೇ ಗರ್ಭಪಾತ ಆದವರಿಗೆ ಮಾತಾಡಬೇಕಾದ ವಿಷಯ. ಚಿಕ್ಕ ವಯಸ್ಸಿನ, ಒಳ್ಳೆಯ ಭ್ರೂಣ ಮೂರಕ್ಕಿಂತ ಕಡಿಮೆಯಿಲ್ಲದವರಿಗೆ ಅದರಿಂದ ಲಾಭ ಕಾಣಲಿಲ್ಲ. ಇದ್ದುದರಲ್ಲಿ ಹೈಲುರೊನಾನ್ ಇರುವ ಗ್ಲೂ ದ್ರವಕ್ಕೆ ಸ್ವಲ್ಪ ಆಧಾರ ಇದೆ. ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಎಚ್‌ಎಫ್‌ಇಎ ಇವೆಲ್ಲಕ್ಕೂ ಬಣ್ಣದ ಗುರುತು ಹಾಕಿ ಪಟ್ಟಿ ಮಾಡಿದೆ. ದುಡ್ಡು ಕಟ್ಟುವ ಮುಂಚೆ ಒಮ್ಮೆ ನೋಡಿ.

ಜೆನೆಟಿಕ್ ಟೆಸ್ಟ್ ಮಾಡಿಸಿದರೂ ಗಂಡೋ ಹೆಣ್ಣೋ ಅಂತ ಕೇಳುವ ಹಾಗಿಲ್ಲ. ನಮ್ಮ ದೇಶದಲ್ಲಿ ಅದು ಅಪರಾಧ.

ಸೈನ್ ಮಾಡುವ ಹಾಳೆ

ಉಳಿದ ಭ್ರೂಣಗಳ ಬಗ್ಗೆಯೂ ಅದೇ ದಿನ ಸೈನ್ ಹಾಕಿಸಿಕೊಳ್ಳುತ್ತಾರೆ. ಐವಿಎಫ್‌ನಂಥ ಚಿಕಿತ್ಸೆಗಳನ್ನು ನಿಯಂತ್ರಿಸುವ 2021ರ ಎಆರ್‌ಟಿ ಕಾಯ್ದೆಯ ಪ್ರಕಾರ ಭ್ರೂಣವನ್ನು ಹೆಚ್ಚೆಂದರೆ ಹತ್ತು ವರ್ಷ ಇಡಬಹುದು. ವರ್ಷಕ್ಕೊಮ್ಮೆ ಶುಲ್ಕ ಇರುತ್ತದೆ. ಕಟ್ಟುವುದು ಮರೆತರೆ ಏನು ಮಾಡುತ್ತಾರೆ, ಫೋನ್ ನಂಬರ್ ಬದಲಾದರೆ ಹೇಗೆ ತಿಳಿಸುತ್ತಾರೆ, ಬೇರೆ ಊರಿನ ಆಸ್ಪತ್ರೆಗೆ ಸಾಗಿಸಲು ಏನು ಬೇಕು ಅಂತ ಕೇಳಿ ಬರೆಸಿಕೊಳ್ಳಿ. ಲ್ಯಾಬ್ ಹಾಳೆಯ ಜೆರಾಕ್ಸ್ ತಗೊಳ್ಳಿ. ಎಷ್ಟು ಭ್ರೂಣ, ಯಾವ ದಿನದ್ದು, ಯಾವ ಗ್ರೇಡು, ಯಾವ ತಾರೀಖಿಗೆ ಫ್ರೀಜ್ ಮಾಡಿದ್ದು ಎಲ್ಲಾ ಅದರಲ್ಲಿರಬೇಕು. ನನ್ನ ಮೊದಲ ಸಲದ ಹಾಳೆ ಇಂದಿಗೂ ನನ್ನ ಹತ್ತಿರ ಇಲ್ಲ. ಎರಡನೇ ಆಸ್ಪತ್ರೆಯವರು ಮೊದಲು ಕೇಳಿದ್ದೇ ಅದನ್ನು.